ಅಜ್ಜಿ ಬಾಯಿಬಿಟ್ಟು ಹೇಳದ ಹೆಸರು

ಪ್ರೀತಿಯ ಮಗಳೇ,

ನಿನ್ನ ಮೆಸೇಜ್ ಓದಿದೆ. ದೇವರ ಹೆಸರನ್ನು ಸರಿಯಾಗಿ ಉಚ್ಚರಿಸದಿದ್ದರೆ ಪ್ರಾರ್ಥನೆ ಮೇಲೆ ಹೋಗುವುದೇ ಇಲ್ಲ ಅಂತ ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದರಂತೆ, ನೀನು ರಾತ್ರಿಯಿಡೀ ನಿದ್ದೆಗೆಟ್ಟೆಯಂತೆ. ಮೊದಲು ಊಟ ಮಾಡು ಮಾರಾಯ್ತಿ. ಆಮೇಲೆ ಇದನ್ನು ಓದು.

ನನ್ನ ಅಜ್ಜಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಆ ಕಾಲದಲ್ಲಿ ಯಾರೂ ಹೇಳುತ್ತಿರಲಿಲ್ಲ ಬಿಡು. ಆದರೆ ಇವರಿಗೊಂದು ಪೇಚಾಟ, ಅಜ್ಜನ ಹೆಸರು ದಾವೀದ! ಸಂಜೆ ಕುಂಬಳೆ ಮನೆಯ ಜಗಲಿಯಲ್ಲಿ ಚಿಮಿಣಿ ದೀಪ ಹತ್ತಿರ ಎಳೆದುಕೊಂಡು ಬೈಬಲ್ ಓದಲು ಕೂತರೆ, 150 ಕೀರ್ತನೆಗಳಲ್ಲಿ 73ರ ತಲೆಯ ಮೇಲೆ ಅರಸ ದಾವೀದನ ಹೆಸರು. ಅಜ್ಜಿಯ ಬೆರಳು ಆ ಹೆಸರಿನ ಮೇಲೆ ನಿಲ್ಲುತ್ತಿತ್ತು, ಬಾಯಿ ಮಾತ್ರ 'ಅರಸರ ಕೀರ್ತನೆ' ಅನ್ನುತ್ತಿತ್ತು. 'ಯಾವ ಅರಸರು ಅಜ್ಜೀ?' ಅಂತ ನಾವು ಮಕ್ಕಳು ಬೇಕಂತಲೇ ಕೇಳಿ ಬೈಸಿಕೊಳ್ಳುತ್ತಿದ್ದೆವು. ಒಳಗೆ ಅಡಿಕೆ ಸುಲಿಯುತ್ತಿದ್ದ ಅಜ್ಜ ನಗುತ್ತಿದ್ದರು.

ಯೆಹೂದ್ಯರು ಮಾಡಿದ್ದೂ ಇದನ್ನೇ ನೋಡು. ಹೀಬ್ರೂ ಬೈಬಲಿನಲ್ಲಿ ದೇವರ ಹೆಸರು ನಾಲ್ಕೇ ಅಕ್ಷರ, ಸುಮಾರು 6,800 ಸಲ ಬರುತ್ತದೆ. ಕಣ್ಣಿಗೆ ಅದು ಕಂಡಾಗ ಬಾಯಲ್ಲಿ 'ಅದೋನಾಯ್' ಅನ್ನುತ್ತಿದ್ದರು, ಅಂದರೆ ಒಡೆಯ. ಆ ಲಿಪಿಯಲ್ಲಿ ಸ್ವರಗಳನ್ನು ಬರೆಯುವ ರೂಢಿ ಇರಲಿಲ್ಲ. ಎಷ್ಟೋ ಶತಮಾನದ ಮೇಲೆ ಪಂಡಿತರು ಸ್ವರದ ಗುರುತು ಹಾಕುವಾಗ, ಓದುವವರಿಗೆ ನೆನಪಾಗಲಿ ಅಂತ ಈ ನಾಲ್ಕು ಅಕ್ಷರಕ್ಕೆ ಅದೋನಾಯ್ ಪದದ ಸ್ವರ ಇಟ್ಟರು. ಮುಂದೆ ಕ್ರೈಸ್ತರು ಎರಡನ್ನೂ ಕೂಡಿಸಿ ಓದಿದರು. ಅಕ್ಷರ ಒಂದು ಪದದ್ದು, ಕಾಗುಣಿತ ಇನ್ನೊಂದರದ್ದು. ನಮ್ಮ ಬೈಬಲಿನ 'ಯೆಹೋವ' ಹುಟ್ಟಿದ್ದು ಹಾಗೆ. ನಿನ್ನ ರೂಮ್‌ಮೇಟ್ ಕಥೋಲಿಕಳಲ್ವಾ, ಅವಳ ಕನ್ನಡ ಬೈಬಲಿನಲ್ಲಿ ಅದೇ ಜಾಗದಲ್ಲಿ 'ಸರ್ವೇಶ್ವರ' ಅಂತಿದೆ, ತೆಗೆದು ನೋಡು. ಉಚ್ಚಾರ ತಪ್ಪಿದ್ದಕ್ಕೆ ದೇವರು ಕಿವಿ ಮುಚ್ಚಿಕೊಳ್ಳುವುದಾದರೆ ಇಷ್ಟು ಕಾಲ ಯಾರ ಪ್ರಾರ್ಥನೆ ಕೇಳಿಸಿತು ಹೇಳು?

ಬೈಬಲಿನ ಮೋಶೆಯೂ, ಉರಿಯುವ ಪೊದೆಯೊಳಗಿಂದ ದೇವರು ಮಾತಾಡಿದಾಗ, ಆತನ ಹೆಸರು ಕೇಳಿದ. ಸಿಕ್ಕ ಉತ್ತರ, 'ಇರುವಾತನೇ ಆಗಿದ್ದೇನೆ'. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಹೆಸರು ಗೊತ್ತಾದರೆ ನಾವು ಅದನ್ನು ಮಂತ್ರದ ಹಾಗೆ ಬಳಸಲು ನೋಡುತ್ತೇವೆ, ಅದಕ್ಕೆ ಆತ ಸಿಗುವುದಿಲ್ಲ ಅಂತ ನನ್ನ ಲೆಕ್ಕ. ಯೇಸು ಶಿಷ್ಯರಿಗೆ ಪ್ರಾರ್ಥನೆ ಕಲಿಸುವಾಗ ಆ ನಾಲ್ಕು ಅಕ್ಷರ ಹೇಳಿಕೊಡಲೇ ಇಲ್ಲ. ತಂದೆಯೇ ಅಂತ ಶುರು ಮಾಡಿದರು. ನೀನು ನಿನ್ನ ಅಪ್ಪನನ್ನು ಹೆಸರು ಹಿಡಿದು ಕರೆಯುತ್ತೀಯಾ?

ಅದರ ಹಿಂದೆಯೇ 'ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ' ಅಂತ ಬರುತ್ತದೆ. ಇದು ನಾಲಗೆಗಿಂತ ನಡತೆಯ ಮಾತು. 'ಮನೆಯ ಹೆಸರು ಕೆಡಿಸಬೇಡ' ಅಂತ ನಮ್ಮಲ್ಲಿ ಹೇಳುವುದಿಲ್ವಾ, ಬೈಬಲಿನ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 36ನೇ ಅಧ್ಯಾಯದಲ್ಲಿ ದೇವರ ದೂರೂ ಅದೇ: ನನ್ನ ಜನ ಹೋದಲ್ಲೆಲ್ಲ ನನ್ನ ಹೆಸರು ಕೆಡಿಸಿದರು. ಆದ್ದರಿಂದ ಮಾತುಮಾತಿಗೆ 'ದೇವರಾಣೆ' ಅನ್ನುವ ನಿನ್ನ ಅಭ್ಯಾಸ ಬಿಡು, ಅದರಲ್ಲೂ ಸುಳ್ಳು ಹೇಳುವಾಗ.

ಕ್ರಿಸ್ಮಸ್‌ಗೆ ಬಂದಾಗ ಅಜ್ಜಿಯ ಬೈಬಲ್ ತೋರಿಸುತ್ತೇನೆ. 23ನೇ ಕೀರ್ತನೆಯ ತಲೆಯಲ್ಲಿ 'ದಾವೀದನ' ಅನ್ನುವ ಜಾಗ ಬೆರಳು ತಾಗಿ ತಾಗಿ ಮಾಸಿಹೋಗಿದೆ. ರೈಲಿನಲ್ಲೇ ಬಾ, ಹೈವೇ ಕೆಲಸ ಅಂತ ಬಸ್ಸು ತುಂಬಾ ತಡ.

ನಿನ್ನ ದೊಡ್ಡಪ್ಪ