ನಿನ್ನ 5.9 ಮತ್ತು ಮಾಲ್ಮೊದ ಟ್ಯೂಬುಗಳು

ಪ್ರೀತಿಯ ಪುಟ್ಟಿ,

ರಾತ್ರಿ ಹನ್ನೊಂದೂವರೆಗೆ ನೀನು ಕಳಿಸಿದ ಸುದ್ದಿಯನ್ನು ಬೆಳಿಗ್ಗೆ ನೋಡಿದೆ: ರಕ್ತದಲ್ಲಿ ಒಂದು ಪ್ರೋಟೀನ್ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆಯ, ಕ್ಯಾನ್ಸರ್ ಸಾವಿನ ಅಪಾಯ ಹೆಚ್ಚು ಅಂತ. ಅದರ ಕೆಳಗೆ ನೀನು ಒಂದೇ ಸಾಲು ಬರೆದಿದ್ದೆ: "ಅಮ್ಮ, ನನ್ನ ಎಚ್‌ಬಿಎ1ಸಿ 5.9 ಬಂದಿದೆ, ಈ ಟೆಸ್ಟೂ ಮಾಡಿಸಲಾ?" ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಲೆಕ್ಕ, ಅಷ್ಟೆ. ಫೋನ್ ಮಾಡಿದರೆ ಇಬ್ಬರೂ ಅಳುತ್ತಾ ಕೂರುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಪ್ರೋಟೀನಿನ ಟೆಸ್ಟ್ ಬೇಡ ಕಂದ. ಯಾಕೆ ಅಂತ ಹೇಳುತ್ತೇನೆ, ಕೇಳು.

ಆ ಪ್ರೋಟೀನಿನ ಹೆಸರು ಪ್ರೊಸ್ಟಾಸಿನ್. ಮೈಯ ಒಳಪದರಗಳ ಜೀವಕೋಶಗಳ ಮೇಲೆ ಇರುತ್ತದೆ. ಉಪ್ಪು-ನೀರಿನ ಲೆಕ್ಕ ಸರಿಯಾಗಿಡುವುದು ಅದರ ಒಂದು ಕೆಲಸ. ಎಲ್ಲರ ರಕ್ತದಲ್ಲೂ ಇದೆ, ನನ್ನಲ್ಲೂ ಇದೆ.

ಆ ಸುದ್ದಿಯಲ್ಲಿದ್ದ ಅಧ್ಯಯನ ನಡೆದದ್ದು ಸ್ವೀಡನ್ನಿನ ಮಾಲ್ಮೊ ಊರಿನಲ್ಲಿ. 1990ರ ದಶಕದ ಶುರುವಿನಲ್ಲಿ ಅಲ್ಲಿನ ನಡುವಯಸ್ಸಿನ ಜನ ರಕ್ತ ಕೊಟ್ಟಿದ್ದರು. ಲ್ಯಾಬಿನಲ್ಲಿ 31 ವರ್ಷ ಕಳೆದ ನನಗೆ ಅದನ್ನು ಓದುವಾಗ ಕಣ್ಣಿಗೆ ಕಟ್ಟಿದ್ದು ಆ ಟ್ಯೂಬುಗಳು. ರಕ್ತವನ್ನು ಗಿರಗಿರ ತಿರುಗಿಸಿ ಪದರ ಬೇರೆ ಮಾಡುವ ಸೆಂಟ್ರಿಫ್ಯೂಜ್ ನಿಂತ ಮೇಲೆ ಟ್ಯೂಬನ್ನು ಬೆಳಕಿಗೆ ಹಿಡಿದರೆ ಕೆಳಗೆ ಕಡುಗೆಂಪು, ಮೇಲೆ ಒಣಹುಲ್ಲಿನ ಬಣ್ಣದ ಪ್ಲಾಸ್ಮಾ, ನಡುವೆ ತೆಳ್ಳಗೆ ಒಂದು ಬಿಳಿ ಗೆರೆ. ಚಿಕ್ಕವಳಿದ್ದಾಗ ಸ್ಟೂಲ್ ಹತ್ತಿ ನಿಂತು ನೋಡಿದ್ದೆ, ನೆನಪಿದೆಯಾ? ಆ ಹಳದಿ ನೀರನ್ನು ಮೈನಸ್ 80 ಡಿಗ್ರಿಯಲ್ಲಿ ವರ್ಷಗಟ್ಟಲೆ ಕಾಪಾಡಿಟ್ಟರು. 4,658 ಜನರ ಪ್ರೊಸ್ಟಾಸಿನ್ ಅಳೆದರು. ಅವರಿಗೆ ಮುಂದೆ ಏನಾಯಿತು ಅಂತ ಸುಮಾರು 22 ವರ್ಷ ಗಮನಿಸಿದರು. ಸಕ್ಕರೆ ಕಾಯಿಲೆ ಇಲ್ಲದಿದ್ದ 4,297 ಜನರಲ್ಲಿ 702 ಮಂದಿಗೆ ಅದು ಬಂತು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಷ್ಟು ತಾಳ್ಮೆಯ ಕೆಲಸಕ್ಕೆ ಕೈಮುಗಿಯಬೇಕು ಅನ್ನಿಸುತ್ತದೆ ನನಗೆ.

ಪ್ರೊಸ್ಟಾಸಿನ್ ಎಲ್ಲಕ್ಕಿಂತ ಜಾಸ್ತಿ ಇದ್ದ ಕಾಲುಭಾಗ ಜನರಿಗೆ, ಕಡಿಮೆ ಇದ್ದ ಕಾಲುಭಾಗಕ್ಕೆ ಹೋಲಿಸಿದರೆ, ಸಕ್ಕರೆ ಕಾಯಿಲೆಯ ಅಪಾಯ ಶೇ 76 ಹೆಚ್ಚು. ಕ್ಯಾನ್ಸರ್‌ನಿಂದ ಸಾಯುವ ಅಪಾಯ ಶೇ 43 ಹೆಚ್ಚು. ನಿನ್ನ ನಿದ್ದೆ ಕೆಡಿಸಿದ್ದು ಅದರ ಮುಂದಿನ ಸಾಲು, ಅಲ್ವಾ? ಪ್ರೊಸ್ಟಾಸಿನ್ ದುಪ್ಪಟ್ಟಾದರೆ ಕ್ಯಾನ್ಸರ್ ಸಾವಿನ ಅಪಾಯ ಸಕ್ಕರೆ ಹೆಚ್ಚಿಲ್ಲದವರಲ್ಲಿ ಶೇ 24 ಏರಿತು, ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದವರಲ್ಲಿ ಶೇ 139. ಆ 139 ಅನ್ನು ಹೀಗೆ ಓದು: ಇಬ್ಬರಿಗೆ ಆಗುವಲ್ಲಿ ಹೆಚ್ಚುಕಡಿಮೆ ಐವರಿಗೆ. ದೊಡ್ಡ ವ್ಯತ್ಯಾಸವೇ, ಇಲ್ಲ ಅನ್ನುವುದಿಲ್ಲ. ಆದರೆ ಅದು ಗುಂಪಿನ ಲೆಕ್ಕ. ಒಂದೇ ಊರಿನ ಜನ, ಪ್ರೊಸ್ಟಾಸಿನ್ ಅಳೆದದ್ದೂ ಒಂದೇ ಸಲ. ನಿನ್ನೊಬ್ಬಳ ಹಣೆಬರಹ ಅದರಲ್ಲಿಲ್ಲ.

ಮತ್ತೆ, ಕಾಯಿಲೆ ತರುವುದು ಪ್ರೊಸ್ಟಾಸಿನ್ನೇ ಅಂತಲೂ ಗೊತ್ತಾಗಿಲ್ಲ. ಸಕ್ಕರೆ ಏರಿದಾಗ ಅದನ್ನು ತಡೆಯಲು ಮೈಯೇ ಹೆಚ್ಚು ತಯಾರಿಸುತ್ತಿರಬಹುದು, ಅದು ಸಾಲದೆ ಹೋಗುತ್ತಿರಬಹುದು ಅಂತ ಆ ಸಂಶೋಧಕರೇ ಹೇಳಿದ್ದಾರೆ. ಹೊಳೆ ಉಕ್ಕಿದಾಗ ದಡದ ಮೇಲೆ ಮರಳಿನ ಮೂಟೆ ಜಾಸ್ತಿ ಕಾಣುತ್ತವೆ. ಮೂಟೆಗಳೇ ನೆರೆ ತಂದವು ಅನ್ನಲಾಗುತ್ತದೆಯೇ?

ನಿನಗೆ ಅಜ್ಜಿ ನೆನಪಾಗಿರಬೇಕು. ನನಗಂತೂ ಅವಳೇ ನೆನಪಾದಳು. ಸಕ್ಕರೆ ಕಾಯಿಲೆಗೂ ಲಿವರ್, ಮೇದೋಜೀರಕ, ಗರ್ಭಕೋಶದ ಕ್ಯಾನ್ಸರಿಗೂ ನಂಟಿದೆ ಅನ್ನುವುದು ಹಳೆಯ ವಿಷಯ. ಅಜ್ಜಿಗೆ ಆದದ್ದು ಗರ್ಭಕೋಶದ್ದು. ಮುಟ್ಟು ನಿಂತು ಎಂಟು ವರ್ಷದ ಮೇಲೆ ರಕ್ತ ಕಂಡಿತ್ತು. ಯಾರಿಗೂ ಹೇಳಲಿಲ್ಲ. ಏಳು ತಿಂಗಳು ಹಳೆ ಸೀರೆ ಹರಿದು ಬಟ್ಟೆ ಮಾಡಿಕೊಂಡಳು. ನಾನು ಡ್ಯೂಟಿಗೆ ಹೋದ ಮೇಲೆ ಒಗೆದು, ಹಿತ್ತಲಲ್ಲಿ ದಾಸವಾಳದ ಗಿಡದ ಹಿಂದೆ ಒಣಗಿಸುತ್ತಿದ್ದಳು. ದಿನಾ ಊರಿನವರ ರಕ್ತ ನೋಡುತ್ತಿದ್ದ ನನಗೆ ಮನೆಯೊಳಗಿನದು ಕಾಣಲಿಲ್ಲ. ಅವಳ ಕಾಯಿಲೆ ಹೇಳಲು ಯಾವ ಪ್ರೋಟೀನೂ ಬೇಕಿರಲಿಲ್ಲ ಪುಟ್ಟಿ.

ಈಗ ನಿನ್ನ 5.9ಕ್ಕೆ ಬರೋಣ. 5.7ರಿಂದ 6.4 ಸಕ್ಕರೆ ಕಾಯಿಲೆಯ ಗಡಿಯಲ್ಲಿರುವ ಲೆಕ್ಕ. ಗಡಿಯಲ್ಲಿದ್ದವರ ಮೇಲೆ ನಡೆದ ಒಂದು ಭಾರತದ ಅಧ್ಯಯನ 2006ರಲ್ಲಿ ಬಂತು. ಮೂರು ವರ್ಷದಲ್ಲಿ, ಸುಮ್ನೆ ಇದ್ದವರಲ್ಲಿ ನೂರಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ 39. ಹಾಗೆ ಕಾಯಿಲೆ ತಪ್ಪಿಸಿಕೊಂಡ ಆ ಹದಿನಾರು ಜನರ ಸಾಲಿನಲ್ಲಿ ನಿನ್ನನ್ನು ಕಾಣಬೇಕು ನನಗೆ. ರಾತ್ರಿ ಹತ್ತಕ್ಕೆ ಆರ್ಡರ್ ಮಾಡುವ ಬಿರಿಯಾನಿ ಬಿಡು. ಆಫೀಸಿನಿಂದ ಬಂದು ಅರ್ಧ ಗಂಟೆ ನಡೆ. ಮೂರು ತಿಂಗಳಾದ ಮೇಲೆ ಮತ್ತೆ ಚೆಕ್ ಮಾಡಿಸು. ಆ ಟೆಸ್ಟ್ ಅಳೆಯುವುದು ಕೆಂಪು ರಕ್ತಕಣದೊಳಗೆ ಅಂಟಿಕೊಂಡ ಸಕ್ಕರೆಯನ್ನು; ಆ ಕಣ ಸುಮಾರು 120 ದಿನ ಬದುಕುತ್ತದೆ, ಬೇಗ ಮಾಡಿಸಿದರೆ ಹಳೆಯ ಲೆಕ್ಕವೇ ಬರುತ್ತದೆ.

ಇನ್ನೊಂದು. ದೀಪಾವಳಿಗೆ ಬಂದಾಗ ಮುಟ್ಟು ಏರುಪೇರಾಗಿದೆ ಅಂತ ಶುರು ಮಾಡಿ, ಅಪ್ಪ ಒಳಗೆ ಬಂದರು ಅಂತ ಮಾತು ಬದಲಿಸಿದೆ. ಅದನ್ನು ಡಾಕ್ಟರ ಹತ್ತಿರ ಹೇಳಬೇಕು. ಶನಿವಾರಕ್ಕೆ ಟೋಕನ್ ತೆಗೆದಿಡು. ಶುಕ್ರವಾರ ರಾತ್ರಿ ಬಸ್ಸಿಗೆ ನಾನು ಹೊರಡುತ್ತೇನೆ.

ನಿನ್ನ
ಅಮ್ಮ