ಟೂಸಾನಿನಿಂದ ಅಮ್ಮನಿಗೆ

ಟೂಸಾನ್, ಅರಿಜೋನಾ
ಜುಲೈ 2

ಪ್ರೀತಿಯ ಅಮ್ಮನಿಗೆ ನಮಸ್ಕಾರ,

ಉಭಯ ಕುಶಲೋಪರಿ. ಫೋಟೊ ನೋಡಿ “ಕಂಬದಂಥ ಆ ಕಳ್ಳಿಯ ಹಣ್ಣು ತಿಂತಾರಾ?” ಅಂತ ಅಪ್ಪ ಕೇಳಿದ್ದರಲ್ಲ, ತಿಂತಾರೆ. ನಾನೂ ತಿಂದೆ.

ಅದರ ಹೆಸರು ಸವಾರೊ. ಇಲ್ಲಿನ ಸೊನೋರನ್ ಮರುಭೂಮಿ ಬಿಟ್ಟರೆ ಬೇರೆಲ್ಲೂ ತಾನಾಗಿ ಹುಟ್ಟುವುದಿಲ್ಲ. ಮೊದಲ ಹತ್ತು ವರ್ಷಕ್ಕೆ ಎರಡು ಇಂಚು ಬೆಳೆದರೆ ದೊಡ್ಡದು. ಫೋಟೊದಲ್ಲಿ ಕಾಣುವ ಆ ಕೈಗಳು ಮೂಡಲು 50-75 ವರ್ಷ ಬೇಕು. ಕೆಲವಕ್ಕೆ ಮೂಡುವುದೇ ಇಲ್ಲ, ನೆಟ್ಟಗೆ ನಿಂತು ಆಯಸ್ಸು ಕಳೆಯುತ್ತವೆ.

ಹಣ್ಣಾಗುವುದು ಜೂನ್ ಕೊನೆಗೆ, ಬಿಸಿಲು 42 ಡಿಗ್ರಿ ಇರುವಾಗ, ಮಳೆಗೆ ಸ್ವಲ್ಪ ಮುಂಚೆ. ಇಲ್ಲಿನ ಮೂಲನಿವಾಸಿಗಳು ತೊಹೊನೊ ಓಧಮ್ ಜನ. ಅವರಿಗೆ ಹೊಸ ವರ್ಷ ಶುರುವಾಗುವುದೇ ಈ ಕೊಯ್ಲಿನಿಂದ. ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ಆ ಪೈಕಿ. ಅವಳ ದೊಡ್ಡಮ್ಮ ನಮ್ಮನ್ನು ಕರೆದುಕೊಂಡು ಹೋದರು. ಬಿಸಿಲೇರುವ ಮುಂಚೆ, ನಸುಕಿನಲ್ಲೇ.

ಸತ್ತ ಸವಾರೊದ ಒಳಗೆ ಉದ್ದುದ್ದ ಗಳಗಳಿರುತ್ತವೆ. ಎರಡನ್ನು ಜೋಡಿಸಿ ತುದಿಗೆ ಅಡ್ಡ ಕಡ್ಡಿ ಕಟ್ಟಿದರೆ ಅದೇ ದೋಟಿ. ದೊಡ್ಡಮ್ಮ ಕತ್ತು ಮೇಲೆತ್ತಿ ಒಂದು ಹಣ್ಣು ಕೆಡವಿದರು. ಚಾಕು ತೆಗೆಯಲಿಲ್ಲ. ಹಣ್ಣಿನ ತುದಿಯಲ್ಲೇ ಒಣಗಿ ಗಟ್ಟಿಯಾದ ಹೂವನ್ನು ಮುರಿದು, ಅದರಿಂದಲೇ ಸಿಪ್ಪೆ ಸೀಳಿದರು. ಒಳಗೆ ಕಡುಗೆಂಪು ತಿರುಳು, ತುಂಬ ಕರಿಬೀಜ. ಒಂದೊಂದರಲ್ಲಿ ಸುಮಾರು 2000 ಇರುತ್ತವಂತೆ. ಸಿಹಿ, ಅಂಜೂರದ ಹಾಗೆ ಬೀಜ ಹಲ್ಲಿಗೆ ಸಿಗುತ್ತದೆ. ತಿರುಳು ತೆಗೆದ ಸಿಪ್ಪೆಯನ್ನು ಅವರು ಎಸೆಯಲಿಲ್ಲ, ಕೆಂಪು ಬದಿ ಆಕಾಶ ನೋಡುವ ಹಾಗೆ ನೆಲದ ಮೇಲಿಟ್ಟರು. ಮಳೆ ಬರಲಿ ಅಂತ.

ನನಗೆ ನೆನಪಾದದ್ದು ಮಳೆರಾಯ. ತಲೆ ಮೇಲೆ ಹೊತ್ತು ಬಾಗಿಲಿಗೆ ಬರುತ್ತಿದ್ದ ಹುಡುಗರಿಗೆ ನೀನು ಬಿಂದಿಗೆಗಟ್ಟಲೆ ನೀರು ಸುರಿಯುತ್ತಿದ್ದೆಯಲ್ಲ, ನೀರಿಗೆ ತತ್ವಾರ ಇದ್ದ ವರ್ಷವೂ.

ತಿರುಳನ್ನು ನೀರು ಹಾಕಿ ಕುದಿಸಿ, ಸೋಸಿ, ಪಾಕ ಮಾಡುತ್ತಾರೆ. ಅದನ್ನೇ ಹುಳಿ ಬರಿಸಿ ಮಳೆ ಕರೆಯುವ ಆಚರಣೆಯಲ್ಲಿ ಕುಡಿಯುತ್ತಾರೆ. ಹೌದು, ಹೆಂಡವೇ. ಗಾಬರಿಯಾಗಬೇಡ, ನನಗೆ ಕೊಟ್ಟಿದ್ದು ಪಾಕ ಮಾತ್ರ.

ಬೀಜ ತಾ, ಹಿತ್ತಲಲ್ಲಿ ಹಾಕೋಣ ಅಂತ ಅಪ್ಪ ಖಂಡಿತ ಕೇಳುತ್ತಾರೆ. ಅದಕ್ಕೆ ಕೈ ಮೂಡುವಷ್ಟರಲ್ಲಿ ನಾನೂ ಇರುವುದಿಲ್ಲ ಅಂತ ಹೇಳು. ಚಳ್ಳಕೆರೆ ಕಡೆ ಮಳೆ ಬಿತ್ತಾ, ಶೇಂಗಾ ಬಿತ್ತನೆ ಆಯಿತಾ, ಮರೆಯದೆ ಬರಿ.

ನಿನ್ನ ಮಗಳು