ಡೇರೆ ಬಿಚ್ಚಿದ ಮೇಲೆ

ನಮ್ಮ ಕನ್ನಡ ಕೂಟದ ಸಂಚಿಕೆ ನಾಳೆ ಬೆಳಿಗ್ಗೆ ಹೋಗಬೇಕು, ಸಂಪಾದಕೀಯದ ಜಾಗ ಮಾತ್ರ ಖಾಲಿ ಉಂಟು. ಕಾರ್ಯದರ್ಶಿಯವರು ಮೆಸೇಜ್ ಹಾಕಿ ಹಾಕಿ ಸುಸ್ತಾಗಿ ಈಗ ಬರೀ ಪ್ರಶ್ನಾರ್ಥಕ ಚಿಹ್ನೆ ಕಳಿಸುತ್ತಿದ್ದಾರೆ. ಚೌತಿ ಬಗ್ಗೆ ಬರೆಯೋಣ ಅಂತ ಕೂತೆ. ಎಂತ ಮಾಡುವುದು ಮಾರಾಯ್ರೆ, ತಲೆ ಇನ್ನೂ ಕಾಡಿನಿಂದ ಬಂದಿಲ್ಲ. ವಾಷಿಂಗ್ ಮೆಷಿನ್ ಬೆಳಿಗ್ಗೆಯಿಂದ ತಿರುಗುತ್ತಾ ಉಂಟು, ಬಟ್ಟೆಯ ಹೊಗೆ ವಾಸನೆ ಹೋಗುತ್ತಿಲ್ಲ. ಹಾಗಾಗಿ ಅದನ್ನೇ ಬರೆಯುತ್ತೇನೆ. ಚೌತಿ ಕೊನೆಗೆ ಬರುತ್ತದೆ.

ಶಾಲೆ ಶುರುವಾಗುವ ಮೊದಲು ಮನೆಮಂದಿಯೆಲ್ಲ ಕ್ಯಾಂಪಿಂಗ್ ಹೋಗಿದ್ದೆವು. ಕ್ಯಾಲಿಫೋರ್ನಿಯಾದ ಲಾಸೆನ್, ಒರೆಗಾನಿನ ಕ್ರೇಟರ್ ಲೇಕ್, ಆಮೇಲೆ ಸಮುದ್ರದ ಬದಿಗೆ ಇಳಿದು ರೆಡ್‌ವುಡ್ ಕಾಡು. ಉಡುಪಿ ಹತ್ತಿರದ ಹಿರಿಯಡ್ಕದಿಂದ ಬಂದಿರುವ ಅಮ್ಮನನ್ನೂ ಕರೆದುಕೊಂಡು ಹೋದೆವು. ಮೊದಲ ದಿನ ನಾನು ನಲ್ಲಿಯಿಂದ ನೀರು ಹೊತ್ತು ತರುವುದನ್ನು ನೋಡಿ ಅಮ್ಮ ಹೇಳಿದ್ದು, "ಬಾವಿಯಿಂದ ನೀರು ಸೇದುವುದು ತಪ್ಪಲಿ ಅಂತ ಅಲ್ವಾ ನಿನ್ನನ್ನು ಓದಿಸಿದ್ದು?" ಎರಡನೇ ದಿನದಿಂದ ಅವರೇ ಕೊಡ ಹಿಡಿದು ಹೊರಟರು, ನಲ್ಲಿಯ ಹತ್ತಿರ ಮಾತಾಡಲು ಜನ ಸಿಗುತ್ತಾರೆ ಅಂತ.

ಹೋದವರಿಗೆ ಗೊತ್ತು, ಅಲ್ಲಿ ಕರಡಿಯ ಕಾಟ. ವಾಸನೆ ಬರುವ ವಸ್ತುವೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕು. ತಿಂಡಿ ಮಾತ್ರ ಅಲ್ಲ, ಟೂತ್‌ಪೇಸ್ಟ್, ಸೋಪು ಕೂಡ. ಮಿಡಿ ಉಪ್ಪಿನಕಾಯಿ ಬಾಟಲಿ, ಇಂಗಿನ ಡಬ್ಬಿ, ಅಮೃತಾಂಜನ ಎಲ್ಲ ಒಳಗೆ ಹೋಯಿತು. ರಾತ್ರಿ ತಲೆನೋವು ಬಂದರೆ ಟಾರ್ಚ್ ಹಿಡಿದು ಕರಡಿ ಪೆಟ್ಟಿಗೆಗೆ ಹೋಗಬೇಕು! ಕ್ರೇಟರ್ ಲೇಕಿನ ಹತ್ತಿರ ನಮ್ಮ ಕ್ಯಾಂಪ್ ಇದ್ದದ್ದು 6,000 ಅಡಿ ಎತ್ತರದಲ್ಲಿ. ಅಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಆ ಕುದಿಯಲ್ಲಿ ಬಿಸಿ ಕಡಿಮೆ. ಕುಚ್ಚಲಕ್ಕಿ ಬೇಯುವುದೇ ಇಲ್ಲ. ಗ್ಯಾಸ್ ಡಬ್ಬಿ ಮುಗಿಯಿತು, ಗಂಜಿ ಆಗಲಿಲ್ಲ, ಅಮ್ಮ ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿ ತಿಂದರು. ಆ ಕೆರೆ ಮಾತ್ರ ನೋಡಲೇಬೇಕು. ಸುಮಾರು 7,700 ವರ್ಷದ ಹಿಂದೆ ಜ್ವಾಲಾಮುಖಿ ಬೆಟ್ಟವೊಂದು ಒಳಗೆ ಕುಸಿದು ಆದ ಗುಂಡಿ, 1,943 ಅಡಿ ಆಳ. ಯಾವ ಹೊಳೆಯೂ ಬಂದು ಸೇರುವುದಿಲ್ಲ, ಬರೀ ಹಿಮ ಮತ್ತು ಮಳೆಯ ನೀರು. ಅಮ್ಮ ತುಂಬಾ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ, "ಬದಿಯಲ್ಲಿ ದೇವಸ್ಥಾನ ಇಲ್ವಾ?"

ಇಷ್ಟೆಲ್ಲ ಆಗಿ ಮನೆಗೆ ಬಂದೆವು. ಬರುವಾಗ ಕಾರಿನಲ್ಲಿ ಎಲ್ಲರ ಬಾಯಲ್ಲೂ ಸ್ನಾನದ ಮಾತೇ. ನಾಣ್ಯ ಹಾಕಿದಷ್ಟು ನಿಮಿಷ ಮಾತ್ರ ಬಿಸಿನೀರು ಬರುವ ಬಚ್ಚಲಲ್ಲಿ ಮೈಗೆಲ್ಲ ಸೋಪು ಹಚ್ಚಿಕೊಂಡಾಗಲೇ ನೀರು ನಿಂತವರಿಗೆ ಆ ಆಸೆ ಅರ್ಥ ಆಗುತ್ತದೆ. ಮನೆಯಲ್ಲಿ ಸ್ನಾನ ಆಯಿತು, ಅನ್ನ ತಿಳಿಸಾರು ಆಯಿತು, ಎಲ್ಲರೂ ಅವರವರ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಮಗಳು ದಿಂಬು ಹಿಡಿದು ಬಂದು ಬಾಗಿಲಲ್ಲಿ ನಿಂತಳು. "ಅಮ್ಮ, ಈ ಮನೆಯಲ್ಲಿ ಯಾರು ಎಲ್ಲಿದ್ದಾರೆ ಅಂತ ಗೊತ್ತೇ ಆಗಲ್ಲ" ಅಂದಳು. ಡೇರೆಯಲ್ಲಿ ಕೈ ಚಾಚಿದರೆ ಅಣ್ಣ, ಕಾಲು ಚಾಚಿದರೆ ಅಜ್ಜಿ. ಅಜ್ಜಿಯ ಗೊರಕೆಗೆ ದಿನಾ ಬೈದವಳೇ ಇವಳು.

ನನಗೆ ಆಗ ನೆನಪಾದದ್ದು ದೊಡ್ಡಪ್ಪ.

ದೊಡ್ಡಪ್ಪ ಯಕ್ಷಗಾನದ ಡೇರೆ ಮೇಳದಲ್ಲಿದ್ದರು. ವೇಷ ಹಾಕುವವರಲ್ಲ, ಡೇರೆ ಹಾಕುವವರು. ದೀಪಾವಳಿ ಕಳೆದು ಮೇಳ ಹೊರಟರೆ ಪತ್ತನಾಜೆಯವರೆಗೆ ತಿರುಗಾಟ. ಘಟ್ಟದ ಮೇಲಿನವರಿಗೆ ಹೇಳಬೇಕು, ಪತ್ತನಾಜೆ ಅಂದರೆ ತುಳುವಿನ ಬೇಷ ತಿಂಗಳ ಹತ್ತನೇ ದಿನ, ಮೇ 24-25ರ ಹೊತ್ತಿಗೆ ಬರುತ್ತದೆ. ಅವತ್ತಿಗೆ ಭೂತದ ಕೋಲ, ನೇಮ, ಯಕ್ಷಗಾನದ ಆಟ ಎಲ್ಲ ಬಂದ್. ಕಲಾವಿದರು ಗೆಜ್ಜೆ ಬಿಚ್ಚಿ ಮನೆಗೆ. ಹತ್ತು ಹನಿಯಾದರೂ ಮಳೆ ಬೀಳಬೇಕು ಅಂತ ನಮ್ಮಲ್ಲಿ ಮಾತು.

ಆಗ ಆಟ ರಾತ್ರಿಯಿಡೀ. ಬೆಳಿಗ್ಗೆ ಮಂಗಳ ಹಾಡಿದ ಕೂಡಲೇ ಗೂಟ ಕಿತ್ತು, ಹಗ್ಗ ಸುತ್ತಿ, ಕಂಬ, ಕುರ್ಚಿ, ಪೆಟ್ಟಿಗೆ ಎಲ್ಲ ಲಾರಿಗೆ ಹಾಕಿ ಮುಂದಿನ ಊರು. ನಿದ್ದೆ ಅಂದರೆ ಲಾರಿಯಲ್ಲಿ ಡೇರೆ ಬಟ್ಟೆಯ ಮೇಲೆ, ಇಲ್ಲದಿದ್ದರೆ ಮಧ್ಯಾಹ್ನ ವೇಷ ಕಟ್ಟುವ ಚೌಕಿಯಲ್ಲಿ ಬಣ್ಣದ ಪೆಟ್ಟಿಗೆಗಳ ನಡುವೆ. ಪತ್ತನಾಜೆಯ ಮರುದಿನ ಟ್ರಂಕ್ ಹಿಡಿದು ಬರುತ್ತಿದ್ದರು. ದೊಡ್ಡಮ್ಮ ಹಂಡೆ ತುಂಬಾ ನೀರು ಕಾಯಿಸಿ, ಸೌತೆಕಾಯಿಗೆ ಹಲಸಿನ ಬೀಜ ಹಾಕಿ ಕೊದ್ದೆಲು ಮಾಡಿ ಕಾಯುತ್ತಿದ್ದರು. ಮಿಂದು, ಉಂಡು ಮಲಗಿದರೆ ಎರಡು ದಿನ ಏಳುತ್ತಿರಲಿಲ್ಲ. ಮೂರನೇ ರಾತ್ರಿಯಿಂದ ಶುರು.

ಒಮ್ಮೆ ನಾನು ರಾತ್ರಿ ಎದ್ದು ಹೊರಗೆ ಬಂದೆ. ಜಗಲಿಯಲ್ಲಿ ದೊಡ್ಡಪ್ಪ ಕೂತಿದ್ದರು, ಕೈಯಲ್ಲಿ ಬಾವಿಯ ಹಳೇ ಹಗ್ಗ. ಜಗಲಿಯ ಕಂಬಕ್ಕೆ ಒಂದು ಗಂಟು ಹಾಕುವುದು, ತುದಿ ಎಳೆದು ನೋಡುವುದು, ಒಂದೇ ಸಲಕ್ಕೆ ಬಿಚ್ಚುವುದು, ಮತ್ತೆ ಹಾಕುವುದು. ಗೂಟಕ್ಕೆ ಹಾಕುವ ಗಂಟದು. ಎಷ್ಟು ಎಳೆದರೂ ಜಾರದು, ಬಿಚ್ಚುವಾಗ ಮಾತ್ರ ಉಗುರು ತಾಗಿಸಬೇಕಾಗಿಲ್ಲ. ಹೆಬ್ಬೆರಳ ಬುಡದಲ್ಲಿ ದಡ್ಡು ಬಿದ್ದು ಚರ್ಮ ಹೊಳೆಯುತ್ತಿತ್ತು. ಹೆಂಚಿನ ಮೇಲೆ ಮಳೆ. ನನ್ನನ್ನು ನೋಡಿ, "ಈಗ ಆಟದಲ್ಲಿ ಮಹಿಷಾಸುರ ಬರುವ ಹೊತ್ತು ಮಗಾ, ನಿದ್ದೆ ಹೇಗೆ ಬರುತ್ತದೆ?" ಅಂದರು. ಗಡಿಯಾರ ನೋಡಿ ಹೇಳಿದ್ದಲ್ಲ.

"ಇವರು ಬರುವವರೆಗೆ ನನಗೆ ನಿದ್ದೆ ಇಲ್ಲ, ಬಂದ ಮೇಲೆ ಇವರಿಗೆ ನಿದ್ದೆ ಇಲ್ಲ" ಅಂತ ದೊಡ್ಡಮ್ಮ ಬೈಯುತ್ತಿದ್ದರು. ಸ್ವಲ್ಪ ದಿನಕ್ಕೆ ಸಾರಿನ ಉಪ್ಪಿಗೂ ಜಗಳ. ಹಾಗಂತ ಮನೆ ಬೇಡ ಅಂತ ಇರಲಿಲ್ಲ ಅವರಿಗೆ. ದೊಡ್ಡಮ್ಮನ ಕೊದ್ದೆಲನ್ನು ಮೇಳದವರ ಹತ್ತಿರ ಆರು ತಿಂಗಳು ಹೊಗಳುತ್ತಿದ್ದರಂತೆ, ಅದು ನಮಗೆ ಗೊತ್ತಾದದ್ದು ಅವರು ತೀರಿಹೋದ ಮೇಲೆ, ಮನೆಗೆ ಬಂದ ಭಾಗವತರೊಬ್ಬರಿಂದ. ಜೂನ್ ಕಳೆಯುವಾಗ ಚಿಕ್ಕಮೇಳದ ಜೊತೆ ಹೊರಟೇಬಿಡುತ್ತಿದ್ದರು, ಸಂಜೆ ಮನೆ ಮನೆಗೆ ಹೋಗಿ ಒಂದು ಸಣ್ಣ ಪ್ರಸಂಗ ಕುಣಿಯುವ ಮಳೆಗಾಲದ ತಂಡ. "ಅದರಲ್ಲಿ ಡೇರೆಯೇ ಇಲ್ಲವಲ್ಲ, ಇವರಿಗೆಂಥ ಕೆಲಸ?" ದೊಡ್ಡಮ್ಮನ ಪ್ರಶ್ನೆ. ಹಾರ್ಮೋನಿಯಂ ಹೊರುವ ಕೆಲಸ. ಈಗ ಕಾಲಮಿತಿಯ ಆಟಗಳೇ ಜಾಸ್ತಿ, ನಡುರಾತ್ರಿಗೆ ಮಂಗಳ ಆಗುತ್ತದೆ. ಈಗಿನವರಿಗೆ ಈ ತಾಪತ್ರಯ ಕಡಿಮೆ ಇರಬಹುದು.

ರಜೆಯಿಂದ ಬಂದವರನ್ನು "ಮನೆಗೆ ಬಂದು ಖುಷಿಯಾ, ಬೇಜಾರಾ?" ಅಂತ ಕೇಳುವುದೇ ನನಗೆ ಹಿಡಿಸುವುದಿಲ್ಲ. ಸ್ನಾನದ ಖುಷಿಯೂ ಸುಳ್ಳಲ್ಲ, ಬಾಗಿಲಲ್ಲಿ ದಿಂಬು ಹಿಡಿದು ನಿಂತವಳ ಬೇಜಾರೂ ಸುಳ್ಳಲ್ಲ. ರೆಡ್‌ವುಡ್ ಕಾಡಿನಲ್ಲಿ ಸಮುದ್ರದ ಮಂಜು ಎಲೆಗಳಲ್ಲಿ ನೀರಾಗಿ ರಾತ್ರಿಯೆಲ್ಲ ಡೇರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಮ್ಮ "ಆಟಿ ತಿಂಗಳ ಹಾಗೇ ಉಂಟು" ಅಂತ ಮಗ್ಗುಲು ಬದಲಿಸಿ ಮಲಗಿದರು, ನನಗೆ ಊರಿನ ಯೋಚನೆಯಲ್ಲಿ ನಿದ್ದೆ ಬರಲಿಲ್ಲ. ಮನೆಗೆ ಬಂದ ದಿನ "ಅಂತೂ ಮನೆ ಸೇರಿದೆವು" ಅಂತ ಸೋಫಾದಲ್ಲಿ ಕೂತ ಅಮ್ಮ ಅದೇ ಸಂಜೆ "ಸೂಟ್‌ಕೇಸ್ ಇಳಿಸು" ಅಂದರು. ಬರುವ ವಾರ ಅವರ ವಿಮಾನ. ಅಷ್ಟಮಿಗೆ ಉಡುಪಿಯಲ್ಲಿ ಇರಲೇಬೇಕಂತೆ, ಮೊಸರು ಕುಡಿಕೆಯ ವಿಟ್ಲಪಿಂಡಿ ಅಂತೆ, ಹುಲಿವೇಷ ಅಂತೆ. ಮಗಳಿಗೆ ಇದನ್ನು ಇನ್ನೂ ಯಾರೂ ಹೇಳಿಲ್ಲ.

ಸರಿ, ಜಾಗ ಮುಗಿಯುತ್ತಾ ಬಂತು, ಪ್ರಕಟಣೆಗಳು. ಚೌತಿ ಪೂಜೆಯ ಸಮಯ ಮತ್ತು ಸಭಾಂಗಣದ ವಿಳಾಸ ಕೊನೆಯ ಪುಟದಲ್ಲಿ ಉಂಟು, ದಯವಿಟ್ಟು ನನಗೆ ಫೋನ್ ಮಾಡಿ ಕೇಳಬೇಡಿ. ಊಟದ ತಟ್ಟೆ ಲೋಟ ಮನೆಯಿಂದಲೇ ತನ್ನಿ. ಕಡುಬು ಮಾಡಿ ತರುವವರು ಮೊದಲೇ ತಿಳಿಸಿ, ಹೋದ ಸಲ ಎಲ್ಲರೂ ಚಿತ್ರಾನ್ನ ತಂದಿದ್ದರು. ಮಕ್ಕಳ ಕನ್ನಡ ತರಗತಿ ಮತ್ತೆ ಶುರು, ದೊಡ್ಡ ಮಕ್ಕಳಿಗೆ ಒಬ್ಬರು ಮೇಷ್ಟ್ರು ಬೇಕು. ಸದಸ್ಯತ್ವದ ಹಣ ಕೊಡದವರ ಪಟ್ಟಿ ಖಜಾಂಚಿಯವರ ಹತ್ತಿರ ಉಂಟು, ಹೆಸರು ಹಾಕು ಅಂದರು, ನಾನು ಹಾಕಲಿಲ್ಲ.

ಇನ್ನೊಂದು ಮಾತು. ಪುಟ ಜೋಡಿಸುವುದು, ಅಕ್ಷರ ತಿದ್ದುವುದು, ಬರಹಕ್ಕಾಗಿ ಕಾಡುವುದು ಎಲ್ಲ ಒಬ್ಬಳಿಂದ ಆಗುತ್ತಿಲ್ಲ. ಒಂದು ಸಂಚಿಕೆಯಾದರೂ ಯಾರಾದರೂ ಹೆಗಲು ಕೊಡಿ, ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬಂದರೆ ಸಾಕು.

ರಾಜ್ಯೋತ್ಸವಕ್ಕೆ ಮಕ್ಕಳಿಂದ ಸಣ್ಣ ಯಕ್ಷಗಾನ ಮಾಡಿಸುವ ಯೋಚನೆ ಉಂಟು. ಚೆಂಡೆ ಬಾರಿಸುವವರು ಒಬ್ಬರು ಸಿಕ್ಕಿದ್ದಾರೆ, ಗೆಜ್ಜೆ ಸಾಲದು. ನವೆಂಬರ್ ಒಳಗೆ ಊರಿಂದ ಬರುವವರು ಎರಡು ಜೊತೆ ತರುವುದಾದರೆ ತಿಳಿಸಿ. ಸೂಟ್‌ಕೇಸಿನಲ್ಲಿ ಜಾಗ ಇಲ್ಲ ಅಂತ ಮಾತ್ರ ಹೇಳಬೇಡಿ, ನೀವು ಹಪ್ಪಳ ಎಷ್ಟು ತರುತ್ತೀರಿ ಅಂತ ಇಡೀ ಕೂಟಕ್ಕೆ ಗೊತ್ತು.